ಒಲೆಗೆ ಏಳುವವರು

ನಮ್ಮ ಮನೆಗೆ ಕಟ್ಟಿಗೆಯ ಒಲೆ ಬೇಕು ಎಂದು ಮೊದಲು ಹೇಳಿದವಳು ನಾನು. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಮನೆಯಿಂದ ಹೊರಡುವಾಗ ಅಡುಗೆಮನೆಯ ಸ್ವಿಚ್ಚುಗಳನ್ನು ಎರಡು ಸಲ ನೋಡಿ, ಕಾರಿನಲ್ಲಿ ಕೂತ ಮೇಲೆ ಮೂರನೆಯ ಸಲ ನೋಡಲು ಇಳಿಯುವವಳು ನಾನು. ಅಂಥವಳು ಬೆಂಕಿಯನ್ನು ತಾನಾಗಿ ಮನೆಯೊಳಗೆ ಕರೆಯುತ್ತಾಳೆಯೇ?

ಕರೆಯುವಂತೆ ಮಾಡಿದ್ದು 2013ರ ಡಿಸೆಂಬರು. ಆಗ ನಾವು ಈ ಹಿಮದ ದೇಶಕ್ಕೆ ಬಂದು ಎಟೋಬಿಕೋಕ್‌ನಲ್ಲಿ ಒಂದು ಹಳೆಯ ಬಂಗಲೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೆವು. ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾಯಿತು. ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಮೂರು ದಿನ ಕರೆಂಟು ಇರಲಿಲ್ಲ. ನಮ್ಮ ಮಗಳು ಕೃತಿಗೆ ಆಗ ಎರಡು ವರ್ಷ. ಅವಳಿಗೆ ಮೂರು ಸ್ವೆಟರು ಹಾಕಿ, ನಮ್ಮಿಬ್ಬರ ನಡುವೆ ಕೂರಿಸಿಕೊಂಡು, ಅವಳ ಮೂಗು ತಣ್ಣಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅಂದಿನಿಂದ ಗಾಳಿ ಸ್ವಲ್ಪ ಜೋರಾದರೂ ನನ್ನ ಕಣ್ಣು ದೀಪದ ಕಡೆ ಹೋಗುತ್ತದೆ.

2016ರಲ್ಲಿ ಒಶಾವಾದ ಉತ್ತರಕ್ಕೆ, ಊರು ಮುಗಿದು ಹೊಲಗಳು ಶುರುವಾಗುವ ಒಂದು ರಸ್ತೆಯಲ್ಲಿ ಮನೆ ಕೊಂಡೆವು. ಅಲ್ಲಿಗೆ ಗ್ಯಾಸಿನ ಪೈಪು ಬಂದಿರಲಿಲ್ಲ. ಮನೆಯ ಹಿಂದೆ ಪ್ರೋಪೇನ್ ಟ್ಯಾಂಕು, ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡುವ ಫರ್ನೇಸು. ಆ ಫರ್ನೇಸಿನ ಫ್ಯಾನು ತಿರುಗಬೇಕಾದರೆ ಕರೆಂಟು ಬೇಕು ಎನ್ನುವುದು ಮನೆ ಕೊಂಡ ಮೇಲೆ ನನಗೆ ಗೊತ್ತಾಯಿತು. ಮೊದಲ ಚಳಿಗಾಲ ನಾನು ಸರಿಯಾಗಿ ಉಸಿರು ಬಿಟ್ಟದ್ದು ಏಪ್ರಿಲ್‌ನಲ್ಲಿ.

ಮುಂದಿನ ಸೆಪ್ಟೆಂಬರಿನಲ್ಲಿ ಗಂಡನಿಗೆ ಹೇಳಿದೆ. ಪ್ರವೀಣಕುಮಾರರಿಗೆ ಹೊಸ ಯಂತ್ರವೆಂದರೆ ಹಬ್ಬ. ಒಂದೇ ವಾರದಲ್ಲಿ ಲ್ಯಾಪ್‌ಟಾಪಿನಲ್ಲಿ ಹತ್ತಾರು ಒಲೆಗಳ ಚಿತ್ರ ತುಂಬಿಕೊಂಡು ಬಂದರು.

"ಪೆಲೆಟ್ ಸ್ಟೋವ್ ತರೂಣು. ಕಟಗಿ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗಿ ಇರ್ತಾವ. ಮ್ಯಾಲೆ ಸುರುವಿ ಬಿಟ್ರಾತು, ತಾನ ಉಣ್ಣತೈತಿ, ತಾನ ಉರೀತೈತಿ. ಫೋನಿನ್ಯಾಗ ಹಚ್ಚಬಹುದು, ಆರಸಬಹುದು."

"ಕರೆಂಟ್ ಹೋದ್ರ?"

ಅವರು ಲ್ಯಾಪ್‌ಟಾಪಿನ ಪುಟ ಕೆಳಗೆ ಸರಿಸಿದರು. ಆಮೇಲೆ, "ಬ್ಯಾಟರಿ ಇಡಬಹುದು," ಎಂದರು.

"ಎಷ್ಟು ತಾಸು?"

ಅದನ್ನೂ ನೋಡಿ ಹೇಳಿದರು. ಮೂರು ದಿನ ಅಂತೂ ಆಗುತ್ತಿರಲಿಲ್ಲ. ಕೊನೆಗೆ, ಗಾಜಿನ ಬಾಗಿಲಿನ, ಹೊಗೆಯನ್ನೂ ಒಳಗೇ ಸುಟ್ಟುಬಿಡುವ ಹೊಸ ನಮೂನೆಯ ಕಟ್ಟಿಗೆ ಒಲೆಯೇ ಆಗಲಿ ಎಂದು ಇಬ್ಬರೂ ಒಪ್ಪಿದೆವು. ಫೋನಿನಲ್ಲಿ ಹಚ್ಚುವ ಸುಖ ಬಿಟ್ಟುಕೊಟ್ಟಿದ್ದಕ್ಕೆ ಪ್ರವೀಣ ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದರು.

ಒಪ್ಪದವರು ನಮ್ಮ ಜೊತೆಗಿರುವ ಅತ್ತೆ, ಈರವ್ವ.

"ಇಷ್ಟು ದೂರ ವಿಮಾನದಾಗ ಕುಂತು ಬಂದು ಮತ್ತ ಒಲಿ ಊದಬೇಕೇನ?" ಎಂದರು. ಅವರು ಮೆಂತ್ಯದ ಸೊಪ್ಪು ಸೋಸುತ್ತಿದ್ದರು, ಕೈ ನಿಲ್ಲಲಿಲ್ಲ.

"ಊದೂದ ಇಲ್ಲ ಯವ್ವಾ. ಮಾಡರ್ನ್ ಒಲಿ ಅದು. ಗಾಜಿನ ಬಾಗಲಾ ಇರ್ತೈತಿ," ಎಂದರು ಪ್ರವೀಣ.

"ಗಾಜಿನ ಬಾಗಲಾ ಹಚ್ಚಿದ್ರ ಕಟಗಿ ಬೆಣ್ಣಿ ಆಗ್ತೈತೇನ? ಅದೂ ಕಟಗೀನ, ಇದೂ ಕಟಗೀನ."

ಹುಬ್ಬಳ್ಳಿಯಲ್ಲಿ ಹದಿನಾಲ್ಕು ಜನರ ಮನೆಗೆ ಅವರು ಇಪ್ಪತ್ತೆರಡು ವರ್ಷ ಕಟ್ಟಿಗೆಯ ಮೇಲೆ ರೊಟ್ಟಿ ಬಡಿದವರು. ಗ್ಯಾಸು ಬಂದ ದಿನ ಸಿಲಿಂಡರಿಗೆ ಅರಿಷಿಣ ಕುಂಕುಮ ಹಚ್ಚಿ ಆರತಿ ಎತ್ತಿದ್ದರಂತೆ. ಊದುಗೊಳವೆಯನ್ನು ಮುರಿದು, ಅದೇ ಒಲೆಗೆ ಕೊನೆಯ ಉರುವಲಾಗಿ ಹಾಕಿದ್ದರಂತೆ. ಇದನ್ನು ಅವರೇ ನಗುತ್ತಾ ಹೇಳಿದ್ದರು. ಈಗ ನಗಲಿಲ್ಲ.

"ನೀವು ತರ್ರಿ, ಬ್ಯಾಡ ಅನ್ನೂದಿಲ್ಲ. ಮನಿ ನಿಮ್ದು. ಒಲಿ ಬಂದ ದಿನ ನಾ ಮಾಧುರಿ ಕಡೆ ಹೋಗ್ತೀನಿ."

ಮಾಧುರಿ ಅವರ ಮಗಳು, ರೆಕ್ಸ್‌ಡೇಲ್‌ನಲ್ಲಿ ಹದಿನಾಲ್ಕನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಇರುವವಳು. ಅಲ್ಲಿ ಬಿಸಿ ಎನ್ನುವುದು ಗೋಡೆಯಿಂದ ಬರುತ್ತದೆ, ಎಲ್ಲಿಂದ ಎಂದು ಯಾರೂ ಕೇಳಬೇಕಾಗಿಲ್ಲ.

ಆ ಮಾತು ನನಗೆ ತಾಗಿತು. ನಾನು ಒಂದು ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಡಬ್ಬಿಯ ಮೇಲಿನ ಹೆಸರು, ಒಳಗಿನ ಗುಳಿಗೆ ತಾಳೆ ನೋಡುವ ಕೆಲಸ. ಸಂಜೆ ಮನೆಗೆ ಬಂದರೆ ಮನಸ್ಸಿನಲ್ಲಿ ಒಂದು ಅಂಜಿಕೆ ಇದ್ದೇ ಇರುತ್ತದೆ. ಗಂಡನಿಗೆ ಹೇಳಿದರೆ, "ಏನೂ ಆಗೂದಿಲ್ಲ ಬಿಡು," ಅನ್ನುತ್ತಾರೆ. ಅತ್ತೆ ಹಾಗೆ ಅನ್ನುವುದಿಲ್ಲ. "ಆಗಬಹುದವ್ವ. ಆತು ಅಂತ ತಿಳಕೋ, ಏನ್ ಮಾಡೂಣು ಹೇಳು," ಅನ್ನುತ್ತಾರೆ. ಇಬ್ಬರೂ ಕೂತು ಏನು ಮಾಡಬಹುದೆಂದು ಮಾತಾಡುವಷ್ಟರಲ್ಲಿ ಅಂಜಿಕೆ ಸಣ್ಣದಾಗಿರುತ್ತದೆ. ಅವರಿಲ್ಲದ ಬೆಚ್ಚಗಿನ ಮನೆ ನನಗೆ ಬೇಕಿರಲಿಲ್ಲ. ಬೆಂಕಿಯಿಲ್ಲದ ಇನ್ನೊಂದು ಚಳಿಗಾಲವೂ ಬೇಕಿರಲಿಲ್ಲ.

ಹೊಗೆಯ ಭಯಕ್ಕೇ ಹೀಗನ್ನುತ್ತಾರೆ ಎಂದುಕೊಂಡೆ. ಅಂಥ ಒಲೆಯನ್ನು ಒಮ್ಮೆ ಕಣ್ಣಾರೆ ನೋಡಿದರೆ ಸರಿಹೋದಾರು. ಕನ್ನಡದವರ ಒಂದು ಊಟದಲ್ಲಿ ಪರಿಚಯವಾದ ಕಿಟ್ಟಣ್ಣನವರ ಮನೆಯಲ್ಲಿ ಅದು ಇತ್ತು. ಉಡುಪಿ ಕಡೆಯವರು, ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ, ನಮಗಿಂತ ಇನ್ನೂ ಉತ್ತರಕ್ಕೆ ಮನೆ. ಅಕ್ಟೋಬರಿನ ಒಂದು ಭಾನುವಾರ ಅತ್ತೆಯನ್ನು ಕರೆದುಕೊಂಡು ಹೋದೆವು. ಕಾರು ಹತ್ತುವಾಗ ಅವರು ಒಂದು ಕರವಸ್ತ್ರವನ್ನು ನೀರಿನಲ್ಲಿ ಅದ್ದಿ, ಹಿಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರು. ಕಣ್ಣಿಗೆ.

"ಬನ್ನಿ ಅಮ್ಮ, ಬನ್ನಿ," ಎಂದು ಕಿಟ್ಟಣ್ಣ ಅವರನ್ನು ಒಲೆಯ ಎದುರಿನ ಕುರ್ಚಿಗೇ ಕರೆದೊಯ್ದರು. "ಹೊಗೆ ಎಲ್ಲಿ ಉಂಟು ಹುಡುಕಿ. ಸಿಕ್ಕಿದರೆ ನಾನೇ ಇದನ್ನು ಹೊತ್ತು ಹೊರಗೆ ಬಿಸಾಡ್ತೇನೆ."

ಅತ್ತೆ ಗೋಡೆಯ ಹತ್ತಿರದ ಕುರ್ಚಿಗೆ ಹೋದರು. ಕರವಸ್ತ್ರ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಗಾಜಿನ ಹಿಂದೆ ಬೆಂಕಿ ನಿಧಾನವಾಗಿ, ಹಳದಿಯಾಗಿ, ಯಾವ ಸದ್ದೂ ಇಲ್ಲದೆ ಆಡುತ್ತಿತ್ತು.

"ಇಟ್ಸ್ ಲೈಕ್ ಟೀವಿ, ಅಜ್ಜಿ," ಎಂದಳು ಕೃತಿ.

"ಪ್ರೋಪೇನ್ ಲಾರಿಯವ ಬರ್ಲಿಲ್ಲ ಅಂತ ಕಾಯುವ ರಗಳೆ ಇಲ್ಲ. ಕರೆಂಟು ಹೋದರೆ ಇದಕ್ಕೆ ಗೊತ್ತೇ ಆಗುದಿಲ್ಲ," ಎಂದರು ಕಿಟ್ಟಣ್ಣ. "ಕೆಲಸ ಎಂತದೂ ಇಲ್ಲ ಮಾರಾಯ್ರೆ. ಒಮ್ಮೆ ಹಾಕಿದರೆ ಗಂಟೆಗಟ್ಟಲೆ ಉರೀತದೆ."

ಅವರ ಹೆಂಡತಿ ಕಲಾವತಿ ನೀರ್‌ದೋಸೆ ತಂದುಕೊಟ್ಟರು. ತಿಂದೆವು, ಮಾತಾಡಿದೆವು. ಹೊಗೆ ಬರಲಿಲ್ಲ. ಅರ್ಧ ಗಂಟೆಯಾದ ಮೇಲೆ ಅತ್ತೆ ಎದ್ದು, ಶಾಲು ಹೊದ್ದು ಹೊರಗೆ ಹೋದರು. ನಾನೂ ಹಿಂದೆ ಹೋದೆ. ಅವರು ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಚಿಮಣಿ ನೋಡುತ್ತಿದ್ದರು. ಅಲ್ಲಿ ಗಾಳಿ ಸ್ವಲ್ಪ ನಡುಗುತ್ತಿತ್ತು, ಅಷ್ಟೇ.

ವಾಪಸ್ಸು ಬರುವಾಗ ಕಾರಿನಲ್ಲಿ ಪ್ರವೀಣ ಗೆದ್ದವರಂತೆ ಕೇಳಿದರು: "ಹೆಂಗ ಯವ್ವಾ? ಹೊಗಿ ಇತ್ತೇನ?"

"ಇಲ್ಲಪ್ಪ. ಖರೇನ ಇರಲಿಲ್ಲ. ಚೊಲೋ ಒಲಿ ಐತಿ."

"ಹಂಗಾದ್ರ ತರೂಣಲ್ಲ?"

"ತರ್ರಿ. ನಾ ಮಾಧುರಿಗೆ ಫೋನ್ ಮಾಡ್ತೀನಿ."

ಪ್ರವೀಣ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ನನಗೂ ಏನೂ ತಿಳಿಯಲಿಲ್ಲ.

ಮರುದಿನ ಸಂಜೆ, ಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ. "ಅತ್ತಿ, ಹೊಗಿ ಇಲ್ಲ ಅಂತ ನೀವ ಅಂದ್ರಿ. ಮತ್ತ ಯಾಕ ಹೋಗ್ತೀರಿ?"

ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಕಲಾವತಿ ಎಷ್ಟ ಸಲ ಎದ್ದಳು, ನೋಡಿದಿ?"

ನಾನು ನೋಡಿರಲಿಲ್ಲ. ಒಲೆಗೂ ಪರದೆಗೂ ಎಷ್ಟು ಅಂತರ, ಕಾರ್ಬನ್ ಮೊನಾಕ್ಸೈಡಿನ ಅಲಾರಂ ಎಲ್ಲಿದೆ, ಗಾಜು ಮುಟ್ಟಿದರೆ ಮಗುವಿನ ಕೈ ಎಷ್ಟು ಸುಟ್ಟೀತು, ಎಲ್ಲ ನೋಡಿದ್ದೆ.

"ಐದು ಸಲ. ದ್ವಾಸಿ ತಟ್ಟಿ ಬಾಜೂಕ ಇಟ್ಟು ಎದ್ದಳು, ನಿನ್ನ ಕೂಡ ಮಾತಾಡಾಕತ್ತಿದ್ದಳು, ಅರ್ಧಾ ಬಿಟ್ಟು ಎದ್ದಳು. ಕಟಗಿ ಹಾಕಿದಳು, ಬೂದಿ ಬಳಿದಳು, ಗಾಜ ಒರಸಿದಳು. ಅಂವಾ ಅಲ್ಲೇ ಕುಂತು ಕೆಲಸ ಎಂತದೂ ಇಲ್ಲ ಅಂತಿದ್ದ. ಖರೇನ, ಅವಗೇನ ಕೆಲಸ ಇರಲಿಲ್ಲ."

ನಾನು ಅವರ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದೆ.

"ಹೊಗಿ ಕಣ್ಣಿಗೆ ಬರ್ತೈತಿ, ಹೋಗ್ತೈತಿ. ಹೊಗೀಗಿ ನಾ ಅಂಜೂದಿಲ್ಲ. ಒಲಿ ಐತಿ ಅಂದ್ರ ನಾ ಕುಂದ್ರೂದಿಲ್ಲ ನೀಲವ್ವ. ಯಾರು ಬ್ಯಾಡ ಅಂದ್ರೂ ನನ್ನ ಕಾಲು ತಾವ ಏಳತಾವ. ನಾ ಎದ್ರ ನೀ ಬಿಡೂದಿಲ್ಲ, ನೀ ಏಳತಿ. ದಿನಾ ಡ್ಯೂಟಿ ಮುಗಿಸಿ ಬಂದು ನೀ ಬೂದಿ ತೆಗಿಯೂದು ನಾ ಕುಂತು ನೋಡ್ಲೇನ? ಅದಕ್ಕ ಹೋಗ್ತೀನಿ ಅಂದ್ನಿ. ಸಿಟ್ಟಿಲ್ಲ."

ಅಂದು ಊಟದ ಹೊತ್ತಿಗೆ ನಾನು ಇದನ್ನು ಪ್ರವೀಣರಿಗೆ ಹೇಳಿದೆ, ಅತ್ತೆಯ ಎದುರಿಗೇ. ಮಾತುಗಳನ್ನು ಆರಿಸಿಕೊಂಡು ಹೇಳಿದೆ, ಏಕೆಂದರೆ ಅವರು ಕೆಟ್ಟ ಗಂಡನಲ್ಲ, ತಟ್ಟೆ ತೊಳೆಯುತ್ತಾರೆ.

"ನಾ ಮಾಡ್ತೀನಲ್ಲ!" ಎಂದರು.

"ಕಿಟ್ಟಣ್ಣನೂ ಮೊದಲ ವರ್ಷ ಹಂಗ ಅಂದಿರ್ಬೇಕು," ಎಂದರು ಅತ್ತೆ.

"ನನ್ನ ಮ್ಯಾಲೆ ನಂಬಿಗಿ ಇಲ್ಲೇನ ನಿನಗ?"

"ನಿನ್ನ ಮ್ಯಾಲೆ ಐತಿ. ನಮ್ಮ ಕಾಲಿನ ಮ್ಯಾಲೆ ಇಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಒಲೆ ಬರಲಿ. ಕಟ್ಟಿಗೆ ತರುವುದು, ಹಚ್ಚುವುದು, ಹಾಕುವುದು, ಬೂದಿ ತೆಗೆಯುವುದು, ಎಲ್ಲ ಪ್ರವೀಣರದು. ನಾವಿಬ್ಬರೂ ಮುಟ್ಟುವುದಿಲ್ಲ. ಸಂಕ್ರಾಂತಿಗೆ ಮಾಧುರಿ, ಅವಳ ಗಂಡ ಸುನೀಲಕುಮಾರ ಊಟಕ್ಕೆ ಬರುತ್ತಾರೆ. ಅಷ್ಟರಲ್ಲಿ ಸರಿ ಅನ್ನಿಸದಿದ್ದರೆ ಅತ್ತೆ ಅದೇ ಕಾರಿನಲ್ಲಿ ಅವರ ಜೊತೆ ಹೋಗುತ್ತಾರೆ.

ನವೆಂಬರಿನಲ್ಲಿ ಒಲೆ ಬಂತು. ಇನ್ಶೂರೆನ್ಸಿನವರು ಕೇಳುವ ಪ್ರಮಾಣಪತ್ರಕ್ಕಾಗಿ ಒಬ್ಬ ಇನ್‌ಸ್ಪೆಕ್ಟರು ಬಂದು ಗೋಡೆಗೂ ಒಲೆಗೂ ನಡುವಿನ ಜಾಗ ಅಳೆದ. ಅವನು ಹೋದ ಮೇಲೆ ನಾನೂ ಒಮ್ಮೆ ಅಳೆದೆ. ಸರಿಯಾಗಿತ್ತು.

ಕಟ್ಟಿಗೆ ಕೊಳ್ಳಲು ಅತ್ತೆ ತಾವಾಗಿ ಹೊರಟರು. "ಒಲಿ ಮುಟ್ಟೂದಿಲ್ಲ ಅಂದೀನಿ. ಕಟಗಿ ಆರಸೂದಿಲ್ಲ ಅಂದಿಲ್ಲ," ಎಂದರು. ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಯಲ್ಲಿ ಅವರನ್ನು ಮೋಸ ಮಾಡಿದವರು ಇರಲಿಲ್ಲವಂತೆ. ಅಲ್ಲಿ ಕಟ್ಟಿಗೆ ಮಾರುವುದು ತೂಕದ ಮೇಲೆ. ತೂಕ ಹೆಚ್ಚಲೆಂದು ಅಡ್ಡೆಯವರು ರಾತ್ರಿ ನೀರು ಹೊಡೆಯುತ್ತಾರೆ. ಆದ್ದರಿಂದ ಭಾರದ್ದನ್ನು ಬಿಟ್ಟು ಹಗುರಾದದ್ದನ್ನು ಆರಿಸಬೇಕು.

ನಮ್ಮ ರಸ್ತೆಯ ತುದಿಯ ರೈತ ಎರಡು ಸಾಲು ಒಟ್ಟಿದ್ದ. ಇಲ್ಲಿ ತೂಕವಿಲ್ಲ, ಒಟ್ಟಿದ ಸಾಲನ್ನು ಅಳೆದು ಮಾರುತ್ತಾರೆ. ಅತ್ತೆ ಒಂದೊಂದು ಸೀಳನ್ನೂ ಕೈಯಲ್ಲಿ ತೂಗಿ ನೋಡಿದರು. ಅವನು "ಮೇಪಲ್, ಮೇಪಲ್," ಎಂದು ತೋರಿಸಿದ ಸಾಲನ್ನು ನೋಡಿ ತಲೆಯಾಡಿಸಿದರು. "ಹಸಿ ಐತಿ. ಕಲ್ಲಾಗೇತಿ. ಪ್ರವೀಣ, ಇವಂಗ ನಾ ಹೊಸಬಾಕಿ ಅಂತ ಅನಿಸೇತಿ." ಪಕ್ಕದ ಹಗುರಾದ ಬಿಳಿಯ ಸಾಲನ್ನು ಆರಿಸಿದರು. ರೈತ ಎರಡು ಸಲ "ಆರ್ ಯು ಶೂರ್?" ಎಂದ. ಅದರಿಂದ ಅವರಿಗೆ ಇನ್ನೂ ಖಾತ್ರಿಯಾಯಿತು.

ಆ ಕಟ್ಟಿಗೆ ಚೆನ್ನಾಗಿ ಹತ್ತಿತು. ಭುಗಿಲ್ಲೆಂದು ಹತ್ತಿ, ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಪ್ರವೀಣ ಎದ್ದು ಹಾಕಿದರು. ಮತ್ತೆ ಮುಗಿಯಿತು. ಟೀವಿಯ ಹಾಕಿ ಆಟದ ನಡುವೆ ಎದ್ದರು, ಉಣ್ಣುವಾಗ ಎದ್ದರು, ಆಫೀಸಿನ ಫೋನಿನಲ್ಲಿ ಮಾತಾಡುತ್ತಾ ಎದ್ದರು. ನನ್ನ ಕಾಲು ಪ್ರತಿ ಸಲವೂ ಏಳಲು ಹೊರಡುತ್ತಿತ್ತು. ಅತ್ತೆಯದೂ. ಅವರು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗಟ್ಟಿಯಾಗಿ ಕೂತಿರುತ್ತಿದ್ದರು.

"ಯವ್ವಾ, ಇಪ್ಪತ್ತೆರಡು ವರ್ಷ ಹೆಂಗ ಮಾಡಿದಿ ಇದನ್ನ?" ಎಂದು ಹತ್ತನೆಯ ದಿನ ಪ್ರವೀಣ ಕೇಳಿದರು. ಹುಬ್ಬಿನ ಮೇಲೆ ಬೂದಿ ಇತ್ತು.

"ಯಾರೂ ಕೇಳಿರಲಿಲ್ಲಪ್ಪ," ಎಂದರು ಅವರು.

ಹಗುರಾದ ಕಟ್ಟಿಗೆಯ ಗುಟ್ಟನ್ನು ಬಿಡಿಸಿದವರು ಕಿಟ್ಟಣ್ಣ. ಡಿಸೆಂಬರಿನಲ್ಲಿ ಬಂದವರು ನಮ್ಮ ಶೆಡ್ಡು ನೋಡಿ ನಕ್ಕರು. "ಅಮ್ಮ, ಇದು ಒಣಗಿ ಹಗುರ ಆದದ್ದಲ್ಲ, ಈ ಮರವೇ ಹಾಗೆ. ಪಾಪ್ಲರ್. ಬೆಂಕಿಕಡ್ಡಿ ಮಾಡ್ಲಿಕ್ಕೆ ಆಯ್ತು. ಅವ ತೋರಿಸಿದ್ದು ಒಳ್ಳೇದೇ, ಎರಡು ವರ್ಷ ಒಣಗಿಸಿದ್ದು. ಇಲ್ಲಿಯವರು ನೀರಿನಲ್ಲಿ ಮೋಸ ಮಾಡುದಿಲ್ಲ. ಮಾಡಿದರೆ ಸಡಿಲ ಒಟ್ಟಿ ಗಾಳಿಯಲ್ಲಿ ಮಾಡ್ತಾರೆ."

ಅತ್ತೆಯ ಮುಖ ಕೆಂಪಾಯಿತು. ಅವರು ತಪ್ಪೊಪ್ಪಿಕೊಳ್ಳುವುದನ್ನು ನಾನು ಅಂದೇ ಮೊದಲು ಕಂಡದ್ದು. "ಹಂಗಾದ್ರ ನನ್ನ ಸಲುವಾಗಿ ಇವಗ ಇಷ್ಟು ತ್ರಾಸ ಆತು," ಎಂದು ಮಗನ ಬೆನ್ನು ಮುಟ್ಟಿದರು. ಆ ಶನಿವಾರವೇ ಮೇಪಲ್ ಬಂತು. ಒಂದು ಸೀಳು ಇಟ್ಟರೆ ಎರಡು, ಎರಡೂವರೆ ಗಂಟೆ. ಪ್ರವೀಣ ಊಟವನ್ನು ಕೂತು ಮುಗಿಸಿದರು.

ಆದರೂ ಸಂಕ್ರಾಂತಿಯ ಹಿಂದಿನ ದಿನ ಅತ್ತೆಯ ಕೋಣೆಯಲ್ಲಿ ಬ್ಯಾಗು ತುಂಬಿ ಇಟ್ಟಿರುವುದು ಕಂಡಿತು. ಎರಡು ಸೀರೆ, ಸ್ವೆಟರು, ಗುಳಿಗೆಗಳ ಡಬ್ಬಿ. ನಾನು ಏನೂ ಕೇಳಲಿಲ್ಲ. ಮಾತು ಕೊಟ್ಟ ದಿನ ಬರುವ ಮೊದಲೇ ಕೇಳುವುದು ಸರಿಯಲ್ಲ. ಆದರೆ ಎಳ್ಳು ಹಚ್ಚಿ ಸಜ್ಜೆಯ ರೊಟ್ಟಿ ಬಡಿಯುವಾಗ ಎರಡನ್ನು ಸೀಯಿಸಿದೆ.

ಆ ಸಂಜೆಯಿಂದಲೇ ಮಳೆ ಗಾಜಾಗಿ ಬೀಳತೊಡಗಿತ್ತು. ಹಬ್ಬದ ದಿನ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ರಸ್ತೆಯಲ್ಲಿ ಕರೆಂಟು ಹೋಯಿತು. ಫರ್ನೇಸಿನ ಸದ್ದು ನಿಂತದ್ದು ನನಗೆ ಮೊದಲು ಕೇಳಿಸಿತು. ನಾಲ್ಕು ವರ್ಷದಿಂದ ನಾನು ಅಂಜುತ್ತಿದ್ದ ಮೌನ ಅದು. ಹಾಲ್‌ಗೆ ಬಂದೆ. ಪ್ರವೀಣ ಒಲೆಗೆ ಕಟ್ಟಿಗೆ ಇಡುತ್ತಿದ್ದರು. ಗಾಜಿನ ಹಿಂದೆ ಬೆಂಕಿ ಯಾವ ಬದಲಾವಣೆಯೂ ಇಲ್ಲದೆ ಉರಿಯುತ್ತಿತ್ತು. ಕೃತಿ ಅದರ ಮುಂದೆ ಅಂಗಿ ತೋಳು ಮಡಚಿಕೊಂಡು ಚಿತ್ರ ಬರೆಯುತ್ತಿದ್ದಳು. ನಾನು ಅವಳ ಮೂಗು ಮುಟ್ಟಲಿಲ್ಲ.

ಮಾಧುರಿ ಫೋನು ಮಾಡಿದಳು. "ವೈನೀ, ನಮ್ಮ ಬಿಲ್ಡಿಂಗಿನ್ಯಾಗ ನಿನ್ನೆ ಸಂಜಿಯಿಂದ ಪವರ್ ಇಲ್ಲ. ಹೀಟಿಲ್ಲ, ಲಿಫ್ಟಿಲ್ಲ. ಹದಿನಾಲ್ಕು ಮಾಳಿಗಿ ಇಳದು ಬಂದೇವಿ. ಹೈವೇದಾಗ ಹಿಮಗಡ್ಡಿ ಕರಗಲಿ ಅಂತ ಉಪ್ಪು ಹಾಕ್ಯಾರ, ಸಾವಕಾಶ ಬರ್ತೀವಿ. ನಿಮ್ಮಲ್ಲಿ ಐತಿಲ್ಲೋ ಬಿಸಿ?"

"ಐತಿ, ಬರ್ರಿ," ಎಂದೆ. ಆ ಎರಡು ಶಬ್ದ ಹೇಳಿದ ಸುಖವನ್ನು ಇನ್ನೂ ಮರೆತಿಲ್ಲ.

ಹನ್ನೆರಡರ ಹೊತ್ತಿಗೆ ಬಂದರು. ಕುಸುರೆಳ್ಳು ಕೊಟ್ಟು, ಹಿರಿಯರ ಕಾಲಿಗೆ ಎರಗಿ, ಒಲೆಯ ಸುತ್ತ ಕೂತರು. ಸುನೀಲಕುಮಾರ ಮಾತು ಕಡಿಮೆಯ ಮನುಷ್ಯ. ನಮ್ಮ ಕಡೆ ಅಳಿಯನೆಂದರೆ ಏನೆಂದು ಹೇಳಬೇಕಾಗಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರು ಬಂದರೆ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಅವರ ತಟ್ಟೆಯನ್ನು ಅವರೇ ಎತ್ತಲು ಹೋದರೆ ಕೈಯಿಂದ ಕಸಿದುಕೊಳ್ಳುತ್ತಾರೆ.

ಊಟವಾಯಿತು. ಮೆಟ್ಟಿಲ ಮೇಲಿನ ಹಿಮಗಡ್ಡೆ ಒಡೆದು ಉಪ್ಪು ಹಾಕಲು ಪ್ರವೀಣ ಹೊರಗೆ ಹೋದರು. ಬೇಗ ಬರಲಿಲ್ಲ. ಕೆಂಡ ಇಳಿಯುತ್ತಾ ಬಂತು, ಕೆಂಪು ಹೋಗಿ ಮೇಲೆ ಬೂದಿ ಕೂತಿತು. ಮಾಧುರಿ ಶಾಲು ಎಳೆದುಕೊಂಡಳು. ನಾನು ಏಳಲು ಹೊರಟೆ. ಅತ್ತೆಯ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು. ಅವರ ಇನ್ನೊಂದು ಕೈ ಕುರ್ಚಿಯ ತೋಳು ಹಿಡಿದಿತ್ತು, ಏಳುವುದಕ್ಕೋ, ಏಳದಿರುವುದಕ್ಕೋ ನನಗೆ ಗೊತ್ತಾಗಲಿಲ್ಲ. ಅವರು ಏನು ಮಾಡುತ್ತಾರೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ ಎಂದು ಮಾತ್ರ ಗೊತ್ತಿತ್ತು. ಎದ್ದರೆ, ಸಂಜೆ ಆ ಬ್ಯಾಗು ಕಾರು ಹತ್ತುತ್ತದೆ.

ಅವರು ಸೋಫಾದ ಕಡೆ ನೋಡಿದರು. ಸುನೀಲಕುಮಾರ ಕರೆಂಟು ಬಂತೇ ಎಂದು ಫೋನಿನಲ್ಲಿ ಹುಡುಕುತ್ತಿದ್ದರು.

"ಅಳಿಯಂದ್ರ," ಎಂದರು ಅತ್ತೆ, ಗಂಟಲು ಸರಿಮಾಡಿಕೊಂಡು. "ಏಳ್ರಿ. ಒಂದ ಕಟಗಿ ಹಾಕ್ರಿ."

ಸುನೀಲಕುಮಾರ ಫೋನಿನಿಂದ ತಲೆಯೆತ್ತಿದರು.

"ನಾನಾ?" ಎಂದರು.

"ಅವ್ವಾ!" ಎಂದಳು ಮಾಧುರಿ. "ಅಳಿಯಗ ಕೆಲಸ ಹೇಳ್ತಾರೇನ ಯಾರರೆ?"

"ನಿಮ್ಮ ಬಿಲ್ಡಿಂಗಿನ್ಯಾಗ ಥಂಡಿ ಹತ್ತಿದಾಗ ಅಳಿಯಗ ಹತ್ತಲಿಲ್ಲೇನ? ಕೈಗವಸ ಅಲ್ಲೈತ್ರಿ. ಹಿಡಿಕಿ ಬಲಕ್ಕ ತಿರುವ್ರಿ. ಒಮ್ಮೆಲೆ ತೆರೀಬ್ಯಾಡ್ರಿ, ಮೊದಲ ಒಂದ ಬಟ್ಟು. ಹಾಂ. ಈಗ ಕೆಂಡಾ ಮುಂದಕ್ಕ ಎಳೀರಿ. ಹಿಂದಿಂದ ಇಡ್ರಿ. ಒಗೀಬ್ಯಾಡ್ರಿ, ಕೂಸಿನ್ನ ಮಲಗಿಸಿದಂಗ ಇಡ್ರಿ."

ಎರಡು ತಿಂಗಳು ಕೈಕಟ್ಟಿ ಕೂತವರಿಗೆ ಎಲ್ಲವೂ ಗೊತ್ತಿತ್ತು. ಸುನೀಲಕುಮಾರ ಮೊಣಕಾಲೂರಿ ಕೂತು, ಹೇಳಿದಂತೆ ಮಾಡಿದರು. ತೊಗಟೆ ಚಟಚಟ ಎಂದಿತು. ಒಂದು ನಾಲಿಗೆ ಮೇಲೆದ್ದಿತು, ಆಮೇಲೆ ಇಡೀ ಸೀಳು ಹತ್ತಿಕೊಂಡಿತು. ಅವರು ತಿರುಗಿ ಅತ್ತೆಯ ಮುಖ ನೋಡಿದರು, ಪರೀಕ್ಷೆಯ ಫಲಿತಾಂಶ ಕೇಳುವವರಂತೆ.

"ಚೊಲೋ ಆತು," ಎಂದರು ಅತ್ತೆ.

"ಇನ್ನೊಂದು ಹಾಕ್ಲಿ?"

"ಬ್ಯಾಡ್ರಿ. ಮೊದಲ ಇದನ್ನ ಉಣ್ಣಲಿ."

ಅವರು ವಾಪಸ್ಸು ಸೋಫಾಕ್ಕೆ ಹೋಗಲೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತು, ಗಾಳಿ ಬಿಡುವ ಹಿಡಿಕೆ ಯಾವುದು, ಬೂದಿ ಎಲ್ಲಿ ಬೀಳುತ್ತದೆ ಎಂದು ಒಂದೊಂದನ್ನೇ ಕೇಳತೊಡಗಿದರು. ಒಂಬತ್ತು ವರ್ಷದಲ್ಲಿ ನಾನು ಕೇಳಿದ್ದಕ್ಕಿಂತ ಹೆಚ್ಚು ಮಾತು ಆ ಅರ್ಧ ಗಂಟೆಯಲ್ಲಿ ಕೇಳಿದೆ. ಪ್ರವೀಣ ಟೋಪಿಯ ಮೇಲೆ ಹಿಮ ಹೊತ್ತು ಒಳಗೆ ಬಂದವರು, ಒಲೆಯ ಮುಂದೆ ಸುನೀಲಕುಮಾರರನ್ನು ಕಂಡು ಬಾಗಿಲಲ್ಲೇ ನಿಂತರು.

"ಯವ್ವಾ, ಇವರನ್ಯಾಕ ಎಬ್ಬಿಸಿದಿ?"

"ನೀ ಇರಲಿಲ್ಲ. ಅವರಿದ್ರು."

ಮಾಧುರಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಆತವ್ವ, ನಿಂದೇನ? ಬ್ಯಾಗ ತುಂಬೀಯಲ್ಲ? ನಮ್ಮಲ್ಲಿ ಕರೆಂಟ್ ಬಂದ ಮ್ಯಾಲೆ ನಾವ ಕರಕೊಂಡು ಹೋಗೂದು ಹೌದಲ್ಲ?"

ನಾನು ನೆಲ ನೋಡಿದೆ.

"ಒಲಿ ಮುಂದ ಕುಂತು ಎರಡು ತಿಂಗಳಾತು ಮಾಧುರಿ," ಎಂದರು ಅತ್ತೆ. "ಜೀವಮಾನದಾಗ ಮೊದಲ ಸಲ ಕುಂತೀನಿ. ಬರೇ ಕುಂತು ಬೆಂಕಿ ನೋಡೂದು ಇಷ್ಟು ಚೊಲೋ ಇರ್ತೈತಿ ಅಂತ ಗೊತ್ತಿರಲಿಲ್ಲ. ಈ ವರ್ಷ ಇಲ್ಲೇ ಇರ್ತೀನಿ. ಬೇಕಾದ್ರ ಅಳಿಯಂದ್ರನ್ನೂ ಇಲ್ಲೇ ಬಿಟ್ಟು ಹೋಗು, ಕೆಲಸಾ ಕಲಿಯಾಕತ್ಯಾರ."

ಸುನೀಲಕುಮಾರರೇ ಮೊದಲು ನಕ್ಕರು. ಆಮೇಲೆ ಎಲ್ಲರೂ.

ಕರೆಂಟಿಲ್ಲದೆ ಅಡುಗೆಮನೆಯ ಒಲೆ ಹತ್ತುವಂತಿರಲಿಲ್ಲ. ಚಹಾಕ್ಕೆ ಪಾತ್ರೆಯನ್ನು ಈ ಒಲೆಯ ಮೇಲೆಯೇ ಇಡೋಣ ಎಂದರು ಪ್ರವೀಣ. ನೀನು ಮಾಡು ಎಂದು ಯಾರೂ ನನಗೆ ಹೇಳಲಿಲ್ಲ, ಮಾಡುತ್ತೇನೆ ಎಂದು ನಾನೂ ಹೇಳಲಿಲ್ಲ. ಭಾವ ಮೈದುನರಿಬ್ಬರೂ ಪಾತ್ರೆಯ ಮೇಲೆ ಬಗ್ಗಿ, ಹಾಲು ಮೊದಲೋ ಪುಡಿ ಮೊದಲೋ, ಸಕ್ಕರೆ ಎಷ್ಟು ಚಮಚ ಎಂದು ವಾದಿಸಿದರು. ವಾದ ಮುಗಿಯುವುದರೊಳಗೆ ಹಾಲು ಉಕ್ಕಿ, ಕರಿಯ ಕಬ್ಬಿಣದ ಮೇಲೆ ಚುರ್ರೆಂದು ಹರಿದು, ಮನೆಯಲ್ಲೆಲ್ಲ ಸುಟ್ಟ ಹಾಲಿನ ವಾಸನೆ ತುಂಬಿತು. ಮಾಧುರಿ "ಅಯ್ಯೋ" ಎಂದು ಬಟ್ಟೆ ಹುಡುಕಲು ಎದ್ದಳು.

"ಕುಂದ್ರು," ಎಂದರು ಅತ್ತೆ, ಕಾಲು ಚಾಚಿಕೊಂಡು. "ಅವರ ಒರಸ್ತಾರ."